ಬಿಡು, ಬೀಡು, ಬಿಡುಗಡೆ

ಕನ್ನಡದ ಕೆಲವು ಧಾತುಗಳಿಗೆ ಒಂದು ಸೊಗಸಾದ ಅಭ್ಯಾಸವಿದೆ. ಆದಿಸ್ವರವನ್ನು ತುಸು ಎಳೆದರೆ ಸಾಕು, ಕ್ರಿಯೆಯ ಓಡಾಟ ನಿಂತು ಅವು ನಾಮಪದವಾಗಿ ಕೂತುಬಿಡುತ್ತವೆ. ಹಳಗನ್ನಡದ ಕಿಡು, ನಮ್ಮ ಕೆಡು, ಕೇಡಾಗುತ್ತದೆ, ಪಡು ಪಾಡಾಗುತ್ತದೆ, ಇಡು ಈಡಾಗುತ್ತದೆ, ಬಿಡು ಬೀಡಾಗುತ್ತದೆ. ಕೆಡುವುದಕ್ಕೂ ಕೇಡಿಗೂ ಇರುವ ನಂಟು ಯಾರಿಗೂ ಹೇಳಿಕೊಡಬೇಕಾದದ್ದಲ್ಲ. ಬಿಡುವುದಕ್ಕೂ ಬೀಡಿಗೂ ಇರುವ ನಂಟು ಮಾತ್ರ ಅಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ. ಬಿಡುವುದೆಂದರೆ ತೊರೆಯುವುದು, ಹಿಡಿತ ಸಡಿಲಿಸುವುದು, ಹೋಗಗೊಡುವುದು. ಬೀಡೆಂದರೆ ತಂಗುದಾಣ, ಪಾಳೆಯ, ನೆಲೆ. ತೊರೆಯುವ ಮಾತಿನ ಹೊಟ್ಟೆಯಲ್ಲಿ ನೆಲೆಯ ಮಾತು ಹುಟ್ಟಿತು. ಸಾಲದ್ದಕ್ಕೆ ಅದೇ ಹೊಟ್ಟೆಯಲ್ಲಿ ಬಿಡುಗಡೆಯೂ ಹುಟ್ಟಿತು. ಮನುಷ್ಯನ ಸ್ವಾತಂತ್ರ್ಯವೆಂದರೇನು ಎಂದು ತತ್ತ್ವಜ್ಞರು ಬಹುಕಾಲದಿಂದ ಕೇಳುತ್ತಿರುವ ಪ್ರಶ್ನೆಗೆ ಈ ಮೂರು ಮಾತುಗಳ ಒಡಹುಟ್ಟಿನಲ್ಲಿ ಏನಾದರೂ ಸುಳಿವಿದೆಯೇ ಎಂದು ಹುಡುಕುವುದು ನಮ್ಮಂಥ ಪದಪ್ರಿಯರಿಗೆ ವ್ಯರ್ಥ ಕೆಲಸವೇನಲ್ಲ. ಹುಡುಕಲು ರಾಯಚೂರು ಸೀಮೆಗಿಂತ ತಕ್ಕ ಜಾಗವೂ ಇರಲಾರದು. ಸಿಂಧನೂರಿನ ಸುತ್ತ ಊರಿಗೆ ಊರೇ ‘ಕ್ಯಾಂಪ್’ ಎನ್ನಿಸಿಕೊಳ್ಳುತ್ತದೆ. ಅವುಗಳ ನಡುವೆ ಆರ್.ಎಚ್. ಕ್ಯಾಂಪ್ ಎಂಬ, ಅಕ್ಷರ ಎರಡಾದರೂ ಅರ್ಥ ಹಲವಿರುವ ಬೀಡೂ ಇದೆ.

ನಂಟಿನ ಗಂಟು ಬಿಚ್ಚಲು ಕೃಷಿಯ ಕಡೆಗೆ ಹೋಗಬೇಕು. ಉತ್ತರ ಕರ್ನಾಟಕದ ಒಕ್ಕಲಿಗ ಇಂದಿಗೂ ‘ಗಳೇ ಬಿಟ್ಟೆ’ ಅನ್ನುತ್ತಾನೆ, ‘ಬಂಡಿ ಬಿಟ್ಟೆ’ ಅನ್ನುತ್ತಾನೆ. ನೊಗದಿಂದ ಎತ್ತಿನ ಕೊರಳು ಕಳಚಿದ ಕ್ಷಣವದು. ಎತ್ತಿಗೆ ಅದು ಬಿಡುಗಡೆ, ಮನುಷ್ಯನಿಗೆ ಬಿಡುವು, ಆ ಜಾಗಕ್ಕೆ ಬೀಡು. ದಂಡು ಸಾಗುತ್ತಿದ್ದ ಕಾಲದಲ್ಲಿ ಎಲ್ಲಿ ಹೇರು ಇಳಿಯಿತೋ, ಎಲ್ಲಿ ಕುದುರೆಯ ಜೀನು ಸಡಿಲವಾಯಿತೋ ಅಲ್ಲಿಯೇ ಬೀಡು ಬಿಟ್ಟಿತು. ಇಲ್ಲಿ ಧಾತುವೇ ಎರಡು ಸಲ ಬಂದಿರುವುದನ್ನು ಗಮನಿಸಿ: ಬೀಡು ಎಂಬ ನಾಮಕ್ಕೆ ಬಿಡು ಎಂಬ ಕ್ರಿಯೆಯೇ ಬೇಕು, ಬೀಡನ್ನು ಕಟ್ಟುವುದಿಲ್ಲ, ಹೂಡುವುದೂ ಅಪರೂಪ, ಬಿಡುವುದೇ ರೂಢಿ. ಪಂಪ ರನ್ನರ ಯುದ್ಧಪ್ರಸಂಗಗಳಲ್ಲಿ ಬೀಡೆಂದರೆ ಸೇನೆ ತಂಗಿದ ತಾಣ. ಮುಂದೆ ಬಿಡಾರ, ಬಿಡದಿ ಎಂಬ ಮರಿಗಳೂ ಹುಟ್ಟಿ, ಮದುವೆಗೆ ಬಂದ ಬೀಗರಿಗೆ ಬಿಡದಿಯಾಯಿತು, ಊರೂರು ತಿರುಗುವ ನಾಟಕದವರಿಗೆ ಬಿಡಾರವಾಯಿತು.

ಇದು ಕನ್ನಡದ ಒಂಟಿ ಚಮತ್ಕಾರವಾಗಿದ್ದರೆ ಒಂದು ಸಂತೋಷದ ಉದ್ಗಾರದೊಂದಿಗೆ ಮುಂದೆ ಹೋಗಬಹುದಿತ್ತು. ಆದರೆ ಬೇರೆಯದೇ ಭಾಷಾಕುಲಕ್ಕೆ ಸೇರಿದ ಸಂಸ್ಕೃತವೂ ಇದೇ ದಾರಿಯಲ್ಲಿ ನಡೆದಿದೆ. ಮುಚ್ ಧಾತುವಿನಿಂದ ಮೋಕ್ಷ, ಮುಕ್ತಿ, ವಿಮೋಚನೆ. ಈ ವಿಮೋಚನ ಎಂಬ ಮಾತು ಋಗ್ವೇದದಷ್ಟು ಹಿಂದೆ ದೊಡ್ಡ ತತ್ತ್ವವೇನನ್ನೂ ಹೊತ್ತಿರಲಿಲ್ಲ; ರಥದಿಂದ ಕುದುರೆಯನ್ನು ಬಿಚ್ಚುವುದು, ಬಿಚ್ಚಿ ದಣಿವಾರಿಸಿಕೊಳ್ಳುವುದು, ಅಂಥ ಇಳಿದಾಣ, ಇಷ್ಟೇ ಅದರ ಹೊರೆ. ಎಂದರೆ ವೇದದ ವಿಮೋಚನವೂ ಕನ್ನಡದ ಬೀಡೂ ಒಂದನ್ನೊಂದು ಕೇಳದೆ ಒಂದೇ ನೊಗದ ಬಳಿ ಬಂದು ನಿಂತಿವೆ. ತಮಿಳು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ವಿಡು ಎಂದರೆ ನಮ್ಮ ಬಿಡು, ವಿಡುತಲೈ ಎಂದರೆ ಬಿಡುಗಡೆ, ವೀಡು ಎಂದರೆ ಮನೆ. ಅದೇ ವೀಡು ಅರ, ಪೊರುಳ್, ಇನ್ಬಂ ಎಂಬ ಪುರುಷಾರ್ಥಗಳ ಸಾಲಿನ ಕೊನೆಯಲ್ಲಿ ನಿಂತಾಗ ಮೋಕ್ಷ. ಮನೆಗೂ ಮೋಕ್ಷಕ್ಕೂ ಒಂದೇ ಹೆಸರಿಟ್ಟ ಭಾಷೆಯನ್ನು ಕಂಡು ಕನ್ನಡಿಗರಾದ ನಾವು ಕೊಂಚ ಹೊಟ್ಟೆಕಿಚ್ಚು ಪಡಬಹುದು. ನಮ್ಮ ಹಿರಿಯರು ಮೋಕ್ಷವನ್ನು ಸಂಸ್ಕೃತಕ್ಕೆ ಒಪ್ಪಿಸಿ ಬೀಡನ್ನು ಮಾತ್ರ ಕೈಯಲ್ಲಿಟ್ಟುಕೊಂಡರು. ತುಳುನಾಡಿನಲ್ಲಿ ಅದು ಅರಸು ಮನೆತನಗಳ, ಹೆಗ್ಗಡೆಗಳ ಮನೆಯಾಯಿತು. ಧರ್ಮಸ್ಥಳದ ಬೀಡು ಇಂದಿಗೂ ಹಾಗೆಯೇ ಕರೆಸಿಕೊಳ್ಳುತ್ತದೆ. ಶಾಸನಗಳಲ್ಲಿ ಅದು ನೆಲೆವೀಡಾಗಿ, ಚಾಲುಕ್ಯ ದೊರೆ ಇಂಥ ನೆಲೆವೀಡಿನಲ್ಲಿ ಸುಖದಿಂದ ರಾಜ್ಯವಾಳುತ್ತಿದ್ದನೆಂಬ ಒಕ್ಕಣೆಯೊಳಗೆ ಸೇರಿ, ದಂಡಿನ ಧೂಳನ್ನು ಕೊಡವಿಕೊಂಡು ರಾಜಧಾನಿಯೇ ಆಗಿಬಿಟ್ಟಿತು. ಬೀಡು ಎಂಬ ಮಾತಿಗೆ ತಾತ್ಕಾಲಿಕತೆ ಹುಟ್ಟುಗುಣ. ಅದಕ್ಕೆ ‘ನೆಲೆ’ ಎಂಬ ವಿಶೇಷಣವನ್ನು ಕಟ್ಟಿ ನಿಲ್ಲಿಸಬೇಕಾಯಿತಲ್ಲ, ಅದು ಕುತೂಹಲದ ಸಂಗತಿ. ಎಷ್ಟು ಕಟ್ಟಿದರೂ ಅದು ನಿಲ್ಲಲಿಲ್ಲವೆನ್ನುವುದಕ್ಕೆ ಹೊಯ್ಸಳರ ದೋರಸಮುದ್ರವೇ ಸಾಕ್ಷಿ. 1311ರಲ್ಲಿ ಮಲಿಕ್ ಕಾಫರನ ದಾಳಿ, ಮತ್ತೆ ಕೆಲವು ದಶಕಗಳ ನಾಶ. ಆಮೇಲೆ ಜನರ ಬಾಯಲ್ಲಿ ಉಳಿದದ್ದು ಹಳೇಬೀಡು.

ಶಾಸನಗಳನ್ನು ಬಿಟ್ಟು ಮುಂದೆ ಹೋಗುವ ಮೊದಲು ಅಲ್ಲಿಯ ಇನ್ನೊಂದು ‘ಬಿಡು’ವನ್ನು ನೋಡಿಕೊಂಡೇ ಹೋಗಬೇಕು. ದೇವಾಲಯಕ್ಕೆ ಭೂಮಿ ಬಿಟ್ಟರು, ಸುಂಕ ಬಿಟ್ಟರು, ಗಾಣದೆಣ್ಣೆ ಬಿಟ್ಟರು ಎಂದು ಶಿಲೆಗಳು ಸಾರುತ್ತವೆ. ಇಲ್ಲಿ ಬಿಟ್ಟದ್ದು ಕೊಟ್ಟದ್ದೇ. ಆದರೂ ಕೊಡುವುದಕ್ಕಿಂತ ತುಸು ಭಿನ್ನ, ಅರಸನಿಗೆ ಅದರ ಮೇಲಿದ್ದ ಹಕ್ಕು ಸಡಿಲಗೊಂಡಿತೆಂಬ ಭಾವ. ಇದರ ಜೊತೆಗಾರ ಮಾತು ಪರಿಹಾರ. ತಾಮ್ರಪಟಗಳಲ್ಲಿ ಪರಿಹಾರವೆಂದರೆ ತೆರಿಗೆ, ದಂಡ, ರಾಜಭಟರ ಪ್ರವೇಶ ಇವುಗಳಿಂದ ವಿನಾಯಿತಿ. ಊರಿಗೆ ಒಂದು ಬಗೆಯ ಸ್ವಾತಂತ್ರ್ಯ. ಇಂದು ನೆರೆ ಬಂದಾಗ, ಬರ ಬಿದ್ದಾಗ, ಅಣೆಕಟ್ಟಿಗೆ ಹೊಲ ಮುಳುಗಿದಾಗ ತಹಸೀಲ್ದಾರರ ಕಚೇರಿಯಲ್ಲಿ ಕೇಳುವ ಹಣ ಪರಿಹಾರ. ಒಂದು ಕಾಲಕ್ಕೆ ರಾಜ್ಯದ ಕೈ ಹಿಂದೆ ಸರಿಯುವುದು ಪರಿಹಾರವಾಗಿತ್ತು, ಈಗ ಅದೇ ಕೈ ಮುಂದೆ ಚಾಚುವುದು. ಇಸಯ್ಯ ಬರ್ಲಿನ್ ಎಂಬ ಆಕ್ಸ್‌ಫರ್ಡ್ ಪಂಡಿತ 1958ರ ತನ್ನ ಪ್ರಸಿದ್ಧ ಉಪನ್ಯಾಸದಲ್ಲಿ ಯಾರೂ ಅಡ್ಡ ಬರದಿರುವ ಸ್ವಾತಂತ್ರ್ಯ ಬೇರೆ, ತನ್ನ ಬಾಳಿಗೆ ತಾನೇ ಒಡೆಯನಾಗುವ ಸ್ವಾತಂತ್ರ್ಯ ಬೇರೆ ಎಂದು ಗೆರೆ ಎಳೆದ. ಆ ಗೆರೆಯ ಒಂದು ದಡದಿಂದ ಬಹಳ ದೂರಕ್ಕೇ ಈಜಿ ಬಂದಿರುವ ನಮ್ಮ ಪರಿಹಾರ ಅವನಿಗೆ ಒಳ್ಳೆಯ ಉದಾಹರಣೆಯಾಗಬಹುದಿತ್ತು.

ದಂಡಿನ ತಂಗುದಾಣಕ್ಕೆ ಈ ನಾಡಿನಲ್ಲಿ ಹೆಸರಿಗೇನೂ ಬರವಿಲ್ಲ. ಕಟಕ, ಶಿಬಿರ, ಸ್ಕಂಧಾವಾರ, ಪಾಳೆಯ, ದಂಡು, ಛಾವಣಿ, ಲಷ್ಕರ್. ಪಾಳೆಯದಿಂದ ಪಾಳೆಯಗಾರ ಹುಟ್ಟಿ ಬೆಂಗಳೂರಿನ ಪಾಳ್ಯಗಳೆಲ್ಲ ಹುಟ್ಟಿದವು. ತುರ್ಕಿಯ ಓರ್ದು, ಎಂದರೆ ಪಾಳೆಯ, ಒಂದು ಭಾಷೆಗೇ ಹೆಸರಾಗಿ ಉರ್ದುವಾಯಿತು. ರಾಯಚೂರಿನ ಬಜಾರಿನಲ್ಲಿ ನಿತ್ಯ ಕೇಳುವ ಆ ಭಾಷೆಯೂ ವ್ಯುತ್ಪತ್ತಿಯ ಲೆಕ್ಕದಲ್ಲಿ ಕ್ಯಾಂಪಿನದೇ. ಲಿಂಗಸುಗೂರಿಗೆ ಹೈದರಾಬಾದ್ ಕಂಟಿಂಜೆಂಟಿನ ದಂಡು ಬಂದು ತಂಗಿ ಅದು ಛಾವಣಿಯಾಗಿತ್ತು. ಇನ್ನು ಕ್ಯಾಂಪ್. ಲ್ಯಾಟಿನ್ನಿನ ಕಾಂಪುಸ್ ಎಂದರೆ ಬಯಲು. ರೋಮಿನ ಸೇನೆ ಕವಾಯತು ಮಾಡುತ್ತಿದ್ದ ಬಯಲು. ಅದು ಇಟಲಿ, ಫ್ರಾನ್ಸುಗಳ ಮೂಲಕ ಇಂಗ್ಲಿಷಿಗೆ ಹೋಗಿ ಕ್ಯಾಂಪಾಯಿತು, ವಿಶ್ವವಿದ್ಯಾಲಯದ ಕಡೆಯಿಂದ ಬಂದು ಕ್ಯಾಂಪಸ್ಸೂ ಆಯಿತು. ಬೆಳಗಾವಿಯಲ್ಲಿ ‘ಕ್ಯಾಂಪ್’ ಎಂದರೆ ದಂಡುಪ್ರದೇಶವೇ. ಆದರೆ ಸಿಂಧನೂರು, ಕಾರಟಗಿ, ಗಂಗಾವತಿ, ಮಾನ್ವಿಗಳಲ್ಲಿ ಕ್ಯಾಂಪ್ ಎಂದರೆ ದಂಡಲ್ಲ, ಭತ್ತ.

ಇದಕ್ಕೆ ಕಾರಣ ತುಂಗಭದ್ರೆ. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ಕಾಲುವೆಗೆ ನೀರು ಹರಿದ ಅಣೆಕಟ್ಟು, 227 ಕಿ.ಮೀ. ಉದ್ದದ ಎಡದಂಡೆ ಮುಖ್ಯ ಕಾಲುವೆ, ಅದರ ಬೆನ್ನಿಗೆ ಆಂಧ್ರದ ಕರಾವಳಿಯಿಂದ ಗದ್ದೆಯ ಪರಿಣತಿ ಹೊತ್ತು ಬಂದ ಒಕ್ಕಲುಗಳು. ಅವರು ಕೊಂಡ ಹೊಲದಲ್ಲೇ ಗುಡಿಸಲು ಹಾಕಿಕೊಂಡರು. ಗುಡಿಸಲುಗಳ ಗುಂಪು ಕ್ಯಾಂಪಾಯಿತು. ದೇವರ ಹೆಸರಿನ, ಮೊದಲು ಬಂದ ಹಿರಿಯನ ಹೆಸರಿನ ಕ್ಯಾಂಪುಗಳು ನಕ್ಷೆಯಲ್ಲಿ ಕೂತವು. ಗುಡಿಸಲು ಹೋಗಿ ಮಾಳಿಗೆ ಬಂದರೂ ಕ್ಯಾಂಪು ಹೋಗಲಿಲ್ಲ. ಇದೇ ಸೀಮೆಯ ನೀರು ಕಾಣದ ಹೊಲಗಳವರು, ಲಿಂಗಸುಗೂರು ಮಸ್ಕಿಗಳ ಮಳೆಯಾಶ್ರಿತ ಊರುಗಳವರು, ‘ಗುಳೆ ಹೋದರು’ ಎಂಬ ಇನ್ನೊಂದು ಮಾತಿನ ಕೆಳಗೆ ಬರುತ್ತಾರೆ. ಗುಳೆ ಹಳೆಯ ಮಾತು. ಯುದ್ಧಕ್ಕೋ ಕ್ಷಾಮಕ್ಕೋ ಬೆದರಿ ಗಂಟುಮೂಟೆ ಕಟ್ಟಿ ಊರು ತೊರೆಯುವುದು. ಹಾಗೆ ಒಂದೇ ನೆಲದ ಮೇಲೆ ಒಬ್ಬರು ಬೀಡು ಬಿಡುತ್ತಿದ್ದಾಗ ಇನ್ನೊಬ್ಬರು ಊರು ಬಿಡುತ್ತಿದ್ದರು. ಇಬ್ಬರ ಕ್ರಿಯಾಪದವೂ ಒಂದೇ. ಇಬ್ಬರೂ ಕಾಯುವ ಕ್ರಿಯಾಪದವೂ ಅದೇ: ಕಾಲುವೆಗೆ ನೀರು ಬಿಟ್ಟರೇ? ಬಿಡುವವರು ಬೇರೆ, ಬೇಡುವವರು ಬೇರೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಸರಪಳಿ ಕಡಿದು ನೀರು ತಾನಾಗಿ ಹರಿದುಹೋದಾಗ ಪತ್ರಿಕೆಗಳು ‘ನೀರು ಬಿಡುಗಡೆ’ ಎನ್ನಲಿಲ್ಲ, ‘ಪೋಲು’ ಎಂದವು. ಯಾರೋ ಬಿಡದೆ ಹೋದದ್ದು ಬಿಡುಗಡೆಯಲ್ಲವೆಂಬ ಸೂಕ್ಷ್ಮ ಆ ತಲೆಬರಹ ಬರೆದವರಿಗೆ ಯಾರೂ ಕಲಿಸಿರಲಾರರು, ಭಾಷೆಯೇ ಕಲಿಸಿತ್ತು.

ಈ ಸೀಮೆಗೆ ಸ್ವಾತಂತ್ರ್ಯದ ದಿನಗಳೂ ಎರಡು ಎನ್ನುವುದು ಇಲ್ಲಿಯವರಿಗೆ ತಿಳಿದದ್ದೇ. 1947ರ ಆಗಸ್ಟ್ 15 ದೇಶದ್ದು. ನಿಜಾಮನ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ರಂದು, ಮತ್ತು ಆ ದಿನಕ್ಕೆ ಸ್ವಾತಂತ್ರ್ಯವೆಂಬ ಹೆಸರು ಬರಲಿಲ್ಲ, ವಿಮೋಚನೆ ಎಂದೇ ಬಂತು. ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಹೋರಾಟಗಾರರು ಸಂಸ್ಥಾನದ ಗಡಿ ದಾಟಿ ಹೋಗಿ ನೆಲೆ ನಿಂತ ಜಾಗಗಳಿಗೆ ಶಿಬಿರಗಳೆಂದು ಹೆಸರು: ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳ್ತನದ ಮುಂಡರಗಿ ಶಿಬಿರ, ಪುಂಡಲೀಕಪ್ಪ ಜ್ಞಾನಮೋಠೆಯವರ ಗಜೇಂದ್ರಗಡ ಶಿಬಿರ. ಮನೆ ಬಿಟ್ಟು, ಬೀಡು ಬಿಟ್ಟು, ಬಿಡುಗಡೆಗಾಗಿ. ವೇದದ ವಿಮೋಚನದಲ್ಲಿ ಬಿಚ್ಚುವಿಕೆಯೂ ತಂಗುದಾಣವೂ ಒಟ್ಟಿಗಿದ್ದವೆಂದೆವಷ್ಟೆ. ಗಜೇಂದ್ರಗಡದಲ್ಲೂ ಹಾಗೆಯೇ ಇದ್ದವು. 2019ರಿಂದ ಆ ದಿನ ಕಲ್ಯಾಣ ಕರ್ನಾಟಕ ಉತ್ಸವವಾಗಿದೆ. ಉತ್ಸವಕ್ಕೆ ನನ್ನ ತಕರಾರಿಲ್ಲ, ಆದರೆ ಒಂದು ಹಳೆಯ, ನೊಗದ ವಾಸನೆಯುಳ್ಳ ಒಳ್ಳೆಯ ಪದ ಸರ್ಕಾರಿ ಆಮಂತ್ರಣಪತ್ರಿಕೆಯಿಂದ ಹೊರಬಿದ್ದದ್ದು ನಷ್ಟವೇ.

ಈಗ ಆರ್.ಎಚ್. ಎಂಬ ಎರಡಕ್ಷರಕ್ಕೆ ಬರೋಣ. ರಿಹ್ಯಾಬಿಲಿಟೇಶನ್. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ 1970ರ ದಶಕದಲ್ಲಿ ಸರ್ಕಾರ ಸಿಂಧನೂರು ತಾಲೂಕಿನಲ್ಲಿ ನೆಲೆ ಕೊಟ್ಟಿತು; ನೆಲೆಗಳಿಗೆ ಹೆಸರಿಡುವ ತಾಳ್ಮೆಯಿಲ್ಲದೆ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಟ್ಟಿತು. ಇಂಗ್ಲಿಷಿನ ಆ ಉದ್ದನೆಯ ಮಾತಿನ ಲ್ಯಾಟಿನ್ ಮೂಲ ಹಾಬಿಲಿಸ್, ಯೋಗ್ಯ. ಅದು ಯುರೋಪಿನಲ್ಲಿ ಮೊದಲು ಬಳಕೆಯಾದದ್ದು ಮನೆ ಕೊಡುವುದಕ್ಕಲ್ಲ, ಕಳೆದುಕೊಂಡ ಸ್ಥಾನವನ್ನೂ ಹಕ್ಕುಗಳನ್ನೂ ಒಬ್ಬನಿಗೆ ಮರಳಿಸುವುದಕ್ಕೆ. ಕನ್ನಡ ಅದನ್ನು ಪುನರ್ವಸತಿ ಎಂದು ಮಾಡಿಕೊಂಡಾಗ ಹಕ್ಕಿನ ಅರ್ಧ ಹಿಂದುಳಿಯಿತು, ವಾಸದ ಅರ್ಧ ಮಾತ್ರ ಬಂತು. ಬಂದ ಅರ್ಧವೇನೂ ಬಡದಲ್ಲ. ವಸ್ ಎಂಬ ಧಾತು, ರಾತ್ರಿ ಕಳೆಯುವುದು, ತಂಗುವುದು, ಅದರಿಂದ ವಸತಿ, ವಸತಿಯೇ ಕನ್ನಡದ ಬಾಯಲ್ಲಿ ವಕಾರ ಬಕಾರವಾಗಿ ಬಸದಿಯಾಗಿ ಜಿನಾಲಯವಾಯಿತು, ನಮ್ಮ ಕಡೆ ರಾತ್ರಿ ಊರಲ್ಲೇ ನಿಂತು ಬೆಳಿಗ್ಗೆ ಹೊರಡುವ ಬಸ್ಸಿಗೆ ವಸ್ತಿ ಬಸ್ಸು ಎಂಬ ಹೆಸರಿರುವುದರಲ್ಲಿ ಧಾತುವಿನ ಹಳೆಯ ಅರ್ಥ ಕೆಡದೆ ಉಳಿದಿದೆ. ಬಂದವರ ಬಂಗಾಳಿಯಲ್ಲೂ ವಕಾರ ಬಕಾರವೇ. ಅವರಿಗೆ ವಸತಿ ಬಸತಿ. ನಿರಾಶ್ರಿತ ಎನ್ನಲು ಅವರ ಮಾತು ಉದ್ಬಾಸ್ತು, ಸಂಸ್ಕೃತದಲ್ಲಿ ಬರೆದರೆ ಉದ್ವಾಸ್ತು, ವಾಸ್ತುವಿನಿಂದ ಕಿತ್ತು ಬಂದವನು. ಆ ವಾಸ್ತುವಿನ ಧಾತುವೂ ವಸ್. ಹೀಗೆ ಉದ್ವಾಸ್ತುವಿಗೆ ಪುನರ್ವಸತಿ ಎಂಬಲ್ಲಿ ರೋಗದ ಹೆಸರೂ ಮದ್ದಿನ ಹೆಸರೂ ಒಂದೇ ಬೇರಿನವು.

ಇನ್ನೊಂದು ಮಾತು ಇದಕ್ಕಿಂತ ರುಚಿಯಾದದ್ದು. ಹಿಂದಿ ಬಂಗಾಳಿಗಳಲ್ಲಿ ಶರಣಾರ್ಥಿ ಎಂದರೆ ಆಶ್ರಯ ಬೇಡಿ ಬಂದವನು, ರೆಫ್ಯೂಜಿ. ಶರಣರ ನಾಡಾದ ಈ ಸೀಮೆಯಲ್ಲಿ ‘ಶರಣು ಶರಣಾರ್ಥಿ’ ನಿತ್ಯದ ವಂದನೆ. ಎದುರಾದ ಯಾರಿಗಾದರೂ ‘ಶರಣ್ರೀ’ ಎನ್ನುವಾಗ ಪ್ರತಿಯೊಬ್ಬನೂ ತಾನು ಶರಣಾರ್ಥಿಯೆಂದೇ ಹೇಳಿಕೊಳ್ಳುತ್ತಾನೆ. ಹೊರಗಿನವನಿಗೆ ದುರವಸ್ಥೆಯ ಹೆಸರಾದದ್ದು ಇಲ್ಲಿ ಸೌಜನ್ಯದ ಹೆಸರು. ಸರ್ಕಾರಿ ಕನ್ನಡ ಮಾತ್ರ ನಿರಾಶ್ರಿತ ಎಂಬುದನ್ನೇ ಆರಿಸಿತು, ಆಶ್ರಯವೇ ಇಲ್ಲದವನು. ಆಶ್ರಯ ಕೊಟ್ಟು ನಲವತ್ತೈವತ್ತು ವರ್ಷ ಕಳೆದ ಮೇಲೂ ಕಡತದಲ್ಲಿ ಅವನು ನಿರಾಶ್ರಿತನೇ.

ಮತ್ತೆ ಬಂಗಾಳಿಯಲ್ಲಿ ಸ್ವಾತಂತ್ರ್ಯಕ್ಕೆ ಸ್ವಾಧೀನತಾ. ಕನ್ನಡದ ಕಿವಿಗೆ ಇದು ವಿಚಿತ್ರ. ನಮಗೆ ಸ್ವಾಧೀನವೆಂದರೆ ವಶ: ಪೊಲೀಸರು ಮಾಲನ್ನು ಸ್ವಾಧೀನಕ್ಕೆ ತೆಗೆದುಕೊಳ್ಳುತ್ತಾರೆ, ಸರ್ಕಾರ ಭೂಸ್ವಾಧೀನ ಮಾಡುತ್ತದೆ. ಸ್ವ ಎಂಬುದು ಬಂಗಾಳಿಯಲ್ಲಿ ವ್ಯಕ್ತಿಯನ್ನೂ ನಾಡನ್ನೂ ಸೂಚಿಸಿದರೆ ನಮ್ಮ ಆಡಳಿತದ ಕನ್ನಡದಲ್ಲಿ ಕಚೇರಿಯನ್ನು ಸೂಚಿಸುತ್ತದೆ. ಆದರೂ ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ಲಕ್ವ ಹೊಡೆದವನ ಕೈಕಾಲು ಸ್ವಾಧೀನ ತಪ್ಪಿತು ಅನ್ನುತ್ತೇವೆ. ತನ್ನ ಮೈ ತನ್ನ ಮಾತು ಕೇಳುವುದೆಂಬ ಆ ಅರ್ಥ ಸ್ವಾತಂತ್ರ್ಯದ ಅತ್ಯಂತ ಮೂಲಭೂತ ಪದರವಲ್ಲವೇ? ಆರ್.ಎಚ್. ಕ್ಯಾಂಪಿನ ಮಗುವಿಗೆ ಮನೆಯಲ್ಲಿ ಸ್ವಾಧೀನತಾ, ಶಾಲೆಯ ಧ್ವಜದ ಕೆಳಗೆ ಸ್ವಾತಂತ್ರ್ಯ, ಬಜಾರಿನ ಉರ್ದುವಿನಲ್ಲಿ ಆಜಾದಿ. ಆಜಾದ್ ಎಂಬುದು ಪಾರಸಿಯ ‘ಹುಟ್ಟಿದವನು’, ಸಂಸ್ಕೃತದ ಜಾತ ಶಬ್ದದ ನಂಟ; ಕುಲೀನನಾಗಿ ಹುಟ್ಟಿದವನೇ ಸ್ವತಂತ್ರ ಎಂಬುದು ಅದರ ತರ್ಕ. ಇಂಗ್ಲಿಷಿನ ಫ್ರೀ ನಮ್ಮ ಪ್ರಿಯ ಶಬ್ದದ ಜ್ಞಾತಿ. ಮನೆಯವರಿಗೆ ಪ್ರಿಯನಾದವನು, ಕೊಂಡು ತಂದ ಆಳಲ್ಲದವನು. ಲ್ಯಾಟಿನ್ನಿನ ಲೀಬೆರಿ ಎಂದರೆ ಮನೆಯ ಮಕ್ಕಳು. ಜನ್ಮದಿಂದಲೋ ನಂಟಿನಿಂದಲೋ ಯಾವುದೋ ಮನೆಗೆ ಸೇರಿರುವುದೇ ಈ ಭಾಷೆಗಳೆಲ್ಲ ಸ್ವಾತಂತ್ರ್ಯಕ್ಕೆ ಕೊಟ್ಟ ಮೊದಲ ಅರ್ಥ. ಎಲ್ಲಿಗೂ ಸೇರದವನೇ ಅಲ್ಲಿ ಗುಲಾಮ. ತಾನೂ ಹಲವು ವರ್ಷ ಯಾವ ದೇಶಕ್ಕೂ ಸೇರದೆ ಬದುಕಿದ್ದ ಹಾನಾ ಅರೆಂಟ್ 1951ರ ತನ್ನ ಗ್ರಂಥದಲ್ಲಿ ಹಕ್ಕುಗಳನ್ನು ಹೊಂದುವ ಹಕ್ಕಿನ ಬಗ್ಗೆ ಬರೆದಾಗ ಹೇಳಿದ್ದೂ ಹೆಚ್ಚುಕಡಿಮೆ ಈ ಹಳೆಯ ನಿಘಂಟಿನ ಸಂಗತಿಯೇ.

ಸಂಸ್ಕೃತದ ಸ್ವತಂತ್ರ ಈ ಸಾಲಿನಿಂದ ತುಸು ಸರಿದು ನಿಲ್ಲುತ್ತದೆ. ತನ್ ಎಂದರೆ ಹರಡು, ಎಳೆ. ತಂತ್ರವೆಂದರೆ ಮೊದಲಿಗೆ ಮಗ್ಗ, ಮಗ್ಗದ ಹಾಸು. ತನ್ನ ಹಾಸು ತನ್ನದೇ ಆದವನು ಸ್ವತಂತ್ರ. ಪಾಣಿನಿ ಈ ಪದವನ್ನು ವ್ಯಾಕರಣಕ್ಕೆ ತಂದು, ಕ್ರಿಯೆಯಲ್ಲಿ ಸ್ವತಂತ್ರನಾದವನೇ ಕರ್ತೃ ಎಂದು ವಿಧಿಸಿದ. ಸ್ವಾತಂತ್ರ್ಯ ಅಲ್ಲಿ ನೀತಿಯ ಮಾತಲ್ಲ, ವಿಭಕ್ತಿಯ ಮಾತು. ಆದರೆ ಅದಕ್ಕಿಂತ ನಿಖರವಾದ ನೀತಿಯ ಮಾತೂ ನನಗೆ ಕಂಡಿಲ್ಲ. ಧರ್ಮಶಾಸ್ತ್ರಕಾರರು ಇದೇ ಪದವನ್ನು ಹೆಣ್ಣಿಗೆ ನಿರಾಕರಿಸಲು ಬಳಸಿದರು, ಕಾಶ್ಮೀರದ ಶೈವರು ಅದನ್ನು ಶಿವನ ಶಕ್ತಿಯೆಂದೇ ಎತ್ತಿ ಹಿಡಿದರು. ಉಡುಪಿಯ ಮಧ್ವಾಚಾರ್ಯರು ಹದಿಮೂರನೇ ಶತಮಾನದಲ್ಲಿ ಇರುವುದನ್ನೆಲ್ಲ ಸ್ವತಂತ್ರ, ಅಸ್ವತಂತ್ರ ಎಂದು ಎರಡೇ ಪಾಲು ಮಾಡಿ, ಮೊದಲ ಪಾಲಿನಲ್ಲಿ ವಿಷ್ಣುವೊಬ್ಬನನ್ನೇ ಕೂರಿಸಿದರು. ಹಾಗಾದರೆ ಜೀವನ ಹೊಣೆ ಏನಾಯಿತು ಎಂಬ ಪ್ರಶ್ನೆಗೆ ದ್ವೈತಿಗಳು ಕೊಟ್ಟ ಉತ್ತರವೇ ದತ್ತಸ್ವಾತಂತ್ರ್ಯ: ಕೊಡಲ್ಪಟ್ಟ ಸ್ವಾತಂತ್ರ್ಯ, ಕೊಟ್ಟವನ ಅಧೀನದಲ್ಲೇ ಇರುವ ಸ್ವಾತಂತ್ರ್ಯ. ಈ ಪದವನ್ನು ಕನ್ನಡದ ಭಾಮಿನಿ ಷಟ್ಪದಿಗೆ ತಂದವರು ಸಿಂಧನೂರಿಗೆ ನೆರೆಯ ಮಾನ್ವಿಯ ಜಗನ್ನಾಥದಾಸರು. ಅವರ ಹರಿಕಥಾಮೃತಸಾರದಲ್ಲಿ ದತ್ತಸ್ವಾತಂತ್ರ್ಯ ಸಂಧಿ ಒಂದು, ಸ್ವಗತಸ್ವಾತಂತ್ರ್ಯ ಸಂಧಿ ಇನ್ನೊಂದು. ಹದಿನೆಂಟನೇ ಶತಮಾನದ ರಾಯಚೂರು ದೋಆಬಿನಲ್ಲಿ ಕೂತು ಕನ್ನಡದ ಕವಿಯೊಬ್ಬ ಸ್ವಾತಂತ್ರ್ಯವನ್ನು ಕೊಟ್ಟದ್ದು, ತನ್ನೊಳಗಿನದು ಎಂದು ಬಿಡಿಸಿ ನೋಡುತ್ತಿದ್ದಾಗ ಅಮೆರಿಕದ, ಫ್ರಾನ್ಸಿನ ಕ್ರಾಂತಿಗಳು ನಡೆಯುತ್ತಿದ್ದ ಕಾಲವೆಂಬುದನ್ನು ನಮ್ಮ ಸಾಹಿತ್ಯಚರಿತ್ರೆಗಳು ಜೊತೆಗಿಟ್ಟು ನೋಡುವುದಿಲ್ಲ.

ನಡುವೆ ಒಂದು ನಕಲಿ ನಂಟನನ್ನೂ ಮಾತಾಡಿಸಿ ಕಳಿಸೋಣ. ಬಿಟ್ಟಿ ಎಂಬ ಮಾತು ಬಿಡುವಿನ ಮನೆಯದೆಂದು ಕಿವಿ ಹೇಳುತ್ತದೆ. ಆದರೆ ಅದು ಸಂಸ್ಕೃತದ ವಿಷ್ಟಿಯ ತದ್ಭವ, ಕೂಲಿಯಿಲ್ಲದೆ ಬಲವಂತವಾಗಿ ಮಾಡಿಸುವ ದುಡಿಮೆ. ತೆಲುಗಿನಲ್ಲಿ ಅದೇ ವೆಟ್ಟಿ. ನಿಜಾಮನ ಸೀಮೆಯ ವೆಟ್ಟಿ ಚಾಕಿರಿಯನ್ನು ಬಲ್ಲವರು ಬಲ್ಲರು. ಮಾಡಿಸಿಕೊಂಡವನ ಕಡೆಯಿಂದ ನೋಡಿದರೆ ಅದು ಪುಕ್ಕಟೆ ತಾನೆ? ಅವನ ಕಡೆಯ ಅರ್ಥವೇ ಗೆದ್ದು ಇಂದು ಬಿಟ್ಟಿ ಎಂದರೆ ದುಡ್ಡು ಕೊಡದೆ ಸಿಕ್ಕಿದ್ದು. ಬಲವಂತದ ಪದ ಹೀಗೆ ಫ್ರೀ ಎಂಬುದರ ಪರ್ಯಾಯವಾಗಿ ಕುಳಿತಿದೆ. ಜೀತದ್ದೂ ಇಂಥದೇ ಕಥೆ: ಜೀವಿತ ಎಂದರೆ ಬದುಕಿಗೆಂದು ಕೊಟ್ಟ ಸಂಬಳ, ಉಂಬಳಿ, ಅದು ಸವೆದು ಜೀತವಾದಾಗ ಸಂಬಳ ಹೋಗಿ ಬದುಕೇ ಒತ್ತೆಯಾಯಿತು. 1976ರ ಕಾನೂನು ಜೀತವನ್ನು ಅಳಿಸಿದಾಗ ಜೀತದಾಳಿನ ಕೈಗೆ ಬಂದ ಕಾಗದದ ಹೆಸರು ಬಿಡುಗಡೆ ಪತ್ರ.

ಇಲ್ಲಿ ವ್ಯಾಕರಣ ಮತ್ತೆ ಮುಖ ತೋರಿಸುತ್ತದೆ. ಬಿಡು ಸಕರ್ಮಕ ಧಾತು. ಬಿಡುಗಡೆಯಾಗುವವನು ಆ ವಾಕ್ಯದಲ್ಲಿ ಕರ್ಮ, ‘ಅವನನ್ನು’ ಬಿಟ್ಟರು. ಬಿಡುವವನು ಮತ್ತೊಬ್ಬ, ಅರಸನೋ ಸಾಹುಕಾರನೋ ಜೈಲರೋ. ಸ್ವತಂತ್ರನಾದವನು ಪಾಣಿನಿಯ ಲೆಕ್ಕದಲ್ಲಿ ಕರ್ತೃ. ದ್ವಿತೀಯಾ ವಿಭಕ್ತಿಯಲ್ಲಿದ್ದವನು ಪ್ರಥಮೆಗೆ ಬರುವ ತನಕ ಬಿಡುಗಡೆ ಸ್ವಾತಂತ್ರ್ಯವಲ್ಲ. ಮತ್ತು ಧಾತುವನ್ನು ಬದಲಿಸದೆಯೇ ಆ ದಾಟುವಿಕೆಯನ್ನು ಸಾಧಿಸುವ ಮಾತು ಕನ್ನಡದಲ್ಲಿ ಬೀಡುಬಿಡು: ಅಲ್ಲಿ ಬಿಡುವವನೂ ತಂಗುವವನೂ ಒಬ್ಬನೇ, ತಾನೇ ನೊಗ ಇಳಿಸಿ ತಾನೇ ಕೂರುತ್ತಾನೆ. ಕೂರಲು ನೆಲವಿಲ್ಲದ ಬಿಡುಗಡೆಗೆ ನಮ್ಮಲ್ಲಿ ಇರುವ ಮಾತು ಬಿಡಾಡಿ, ಅದನ್ನು ದನಕ್ಕೆ ಅನ್ನುವುದೇ ಹೆಚ್ಚು.

ನಮ್ಮ ಸಂವಿಧಾನ ಈ ವಿಭಕ್ತಿಭೇದವನ್ನು ಅರಿತಿದೆ. ವಾಕ್ ಸ್ವಾತಂತ್ರ್ಯ, ಸಭೆ ಸೇರುವ, ದೇಶದೊಳಗೆ ಎಲ್ಲಾದರೂ ಓಡಾಡುವ, ನೆಲೆಸುವ ಸ್ವಾತಂತ್ರ್ಯಗಳ 19ನೇ ಅನುಚ್ಛೇದ ಹೇಳುವುದು ನಾಗರಿಕರಿಗೆ. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ಅನುಚ್ಛೇದ ಹೇಳುವುದು ವ್ಯಕ್ತಿಗೆ, ಅವನು ಯಾವ ದೇಶದವನೇ ಆಗಿರಲಿ. ಕನ್ನಡದಲ್ಲಿ ಎರಡು ಕಡೆಯೂ ಸ್ವಾತಂತ್ರ್ಯ ಎಂಬ ಒಂದೇ ಪದ. ಒಂದರ ಬಾಗಿಲು ಪೌರತ್ವ. ಪುರದಿಂದ ಪೌರ, ನಗರದಿಂದ ನಾಗರಿಕ: ಎರಡೂ ಪದಗಳು ಊರು ಕೇಳುತ್ತವೆ, ಕ್ಯಾಂಪನ್ನು ಒಪ್ಪುವುದಿಲ್ಲ. ಆರ್.ಎಚ್. ಕ್ಯಾಂಪುಗಳಲ್ಲಿ ಇಲ್ಲಿಯೇ ಹುಟ್ಟಿ ಬೆಳೆದು, ಇಲ್ಲಿಯ ಕನ್ನಡ ಆಡಿ, ಇಲ್ಲಿ ದುರ್ಗಾಪೂಜೆಯ ಪೆಂಡಾಲು ಹಾಕಿ, ಮೊಮ್ಮಕ್ಕಳನ್ನೂ ಕಂಡವರಿದ್ದಾರೆ. ಹಾಗಿದ್ದೂ ಕೆಲವು ಮನೆಗಳ ಪೌರತ್ವದ ಕಾಗದ ಬರಲಿಲ್ಲ. 2019ರ ಡಿಸೆಂಬರಿನಲ್ಲಿ ಪೌರತ್ವ ಕಾಯ್ದೆಗೆ ತಿದ್ದುಪಡಿಯಾಗಿ, 2024ರ ಮಾರ್ಚಿನಲ್ಲಿ ಅದರ ನಿಯಮಗಳು ಬಂದು, ಅದೇ ವರ್ಷ ಇಲ್ಲಿಯ ಮೊದಲ ಕೆಲವರಿಗೆ ಪ್ರಮಾಣಪತ್ರ ಸಿಕ್ಕಿತು. ಧರ್ಮವನ್ನು ನೋಡಿ ಬಾಗಿಲು ತೆರೆಯುವ ಆ ತಿದ್ದುಪಡಿಯ ಬಗ್ಗೆ ದೇಶದಲ್ಲಿ ಎದ್ದ ವಾದ ಬೇರೆ, ಅದು ತೀರಿಲ್ಲ. ತೀರಬೇಕಾದ ವಾದವೂ ಹೌದು. ಮಾನ್ವಿಯ ದಾಸರಾಗಿದ್ದರೆ ಕೈಗೆ ಬಂದ ಆ ಹಾಳೆಯನ್ನು ದತ್ತಸ್ವಾತಂತ್ರ್ಯದ ಸಂಧಿಗೆ ಸೇರಿಸುತ್ತಿದ್ದರೋ ಸ್ವಗತಸ್ವಾತಂತ್ರ್ಯದ್ದಕ್ಕೋ ಎಂದು ಕೇಳುವುದು ನನಗೆ ತಡೆಯಲಾಗದ ಚಪಲ.

ಮಸ್ಕಿಯ ಬಂಡೆಯನ್ನು ಇಷ್ಟು ಹತ್ತಿರ ಬಂದು ನೋಡದೆ ಹೋದರೆ ತಪ್ಪಾದೀತು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಅದನ್ನು ಕಂಡ. ಅವನ ಹೆಸರಿಗೂ ನಮ್ಮ ಬೀಡಿಗೂ ಏನೂ ನಂಟಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ದೇವಾನಾಂಪ್ರಿಯ ಎಂಬ ಬಿರುದಿನ ಹಿಂದೆ ಮರೆಯಾಗಿದ್ದ ಅಶೋಕನ ಸ್ವಂತ ಹೆಸರು ಜಗತ್ತಿಗೆ ಖಚಿತವಾದದ್ದು ಆ ಬಂಡೆಯಿಂದ. ಅದರ ಸಾರ: ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಅದನ್ನು ಪಡೆಯಬಲ್ಲ, ದೊಡ್ಡವರಿಗಷ್ಟೇ ಸಾಧ್ಯವೆಂದು ಎಣಿಸಬಾರದು. ‘ಪ್ರಿಯ’ನಾದ ಅರಸನಿಗೆ ಫ್ರೀ ಶಬ್ದದ ದೂರದ ನಂಟು ತಿಳಿದಿರಲು ಸಾಧ್ಯವಿರಲಿಲ್ಲ. ಆದರೂ ಹುಟ್ಟಿನಿಂದ, ಮನೆತನದಿಂದ ಬರುವ ಯೋಗ್ಯತೆಯ ಪಕ್ಕಕ್ಕೆ ಉದ್ಯೋಗದಿಂದ ಬರುವ ಯೋಗ್ಯತೆಯನ್ನು ಇಟ್ಟ ವಾಕ್ಯ ಈ ಸೀಮೆಯ ನೆಲದಲ್ಲಿ ಅಷ್ಟು ಹಿಂದೆಯೇ ಕೆತ್ತಿದೆ.

ಆಡುಮಾತಿನಲ್ಲಿ ಬಿಡು ಈಗ ಸ್ವತಂತ್ರ ಕ್ರಿಯೆಗಿಂತ ಹೆಚ್ಚಾಗಿ ಬಾಲವಾಗಿ ಬದುಕುತ್ತಿದೆ. ಬಂದುಬಿಟ್ಟ, ಸತ್ತುಬಿಟ್ಟ, ಮರೆತುಬಿಟ್ಟೆ: ಇಲ್ಲಿ ಅದಕ್ಕೆ ಬಿಡುವ ಅರ್ಥವೇ ಇಲ್ಲ, ಮುಗಿಯಿತು, ಇನ್ನು ಹಿಂದಿರುಗಿಸಲಾಗದು ಎಂಬ ಮುದ್ರೆ ಮಾತ್ರ. ಹೋಗಲು ಬಿಡು ಎಂಬಲ್ಲಿ ಅಪ್ಪಣೆ. ಅವನನ್ನು ಬಿಟ್ಟು ಉಳಿದವರು ಎಂಬಲ್ಲಿ ಹೊರಗಿಡುವಿಕೆ. ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿದೆ ಎಂಬ, ಈ ಸೀಮೆಯ ಕ್ಯಾಂಪುಗಳಲ್ಲಿ ಬಹಳ ಸಲ ಆಡಿರಬಹುದಾದ ವಾಕ್ಯವೂ ಇದೇ ಧಾತುವಿನದು. ‘ಹೋಗ್ಲಿ ಬಿಡ್ರೀ’ ಎಂದಾಗ ಸಮಾಧಾನ, ಸೋಲು, ಕ್ಷಮೆ ಮೂರೂ ಸೇರಿ, ಯಾವುದು ಎಷ್ಟೆಂದು ಆಡಿದವರಿಗೂ ಅಳತೆ ಸಿಗುವುದಿಲ್ಲ.

ಕ್ಯಾಂಪ್ ಎಂಬ ಬಯಲುಸೀಮೆಯ ಲ್ಯಾಟಿನ್ ಪದ ಇತ್ತ ಕನ್ನಡದ ವಿಭಕ್ತಿಗಳನ್ನು ಒಂದೊಂದಾಗಿ ತೊಟ್ಟುಕೊಳ್ಳುತ್ತಿದೆ. ಕಚೇರಿಯ ಕಾಗದದಲ್ಲಿ ಇನ್ನೂ ‘ಕ್ಯಾಂಪ್‌ನ’, ‘ಕ್ಯಾಂಪ್‌ಗೆ’. ಬಸ್ ನಿಲ್ದಾಣದಲ್ಲಿ ಆಗಲೇ ‘ಕ್ಯಾಂಪಿನ’, ‘ಕ್ಯಾಂಪಿಗೆ’, ‘ಕ್ಯಾಂಪಿನ್ಯಾಗ’, ಉಕಾರಾಂತ ದೇಶ್ಯಪದಗಳ ಸಾಲಿನಲ್ಲೇ, ಬೀಡಿನ, ಬೀಡಿಗೆ, ಬೀಡಿನ್ಯಾಗ ಎಂಬಂತೆ. ‘ಕ್ಯಾಂಪಿನವರು’ ಎಂಬ ರೂಪ ಮಾತ್ರ ಇನ್ನೂ ಆಡಿದವರು ಊರಿನವರೋ ಕ್ಯಾಂಪಿನವರೋ ಎಂಬುದರ ಮೇಲೆ ಎರಡು ದನಿಯಲ್ಲಿ ಬರುತ್ತದೆ.